ಕಿವಿಗೆ ಬೀಳುವ ತನಕ

ಪಾರ್ಕಿಗೆ ಹೊರಡುವ ಬೆಳಗ್ಗೆ, ನೆರೆಮನೆಯ ಚೆನ್ನಯ್ಯನ ಹತ್ತಿರ ಕೇಳಿ ತಂದ ಕಾರಿನ ಗಾಜು ಒರೆಸುತ್ತಿದ್ದ ಭೋಜರಾಜನಿಗೆ, ತನ್ನ ಮನೆಯ ಅಂಗಳದಲ್ಲೇ ತಾನು ನೆಂಟನ ಹಾಗೆ ನಿಂತಿದ್ದೇನೆ ಅನ್ನಿಸಿತು. ಮನೆ ಅವನದ್ದೇ. ಹೆಮ್ಮಾಡಿಯಲ್ಲಿ, ಹೆದ್ದಾರಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರ, ಇಷ್ಟಪಟ್ಟು ಕಟ್ಟಿಸಿದ್ದು. ಆದರೆ ಕಟ್ಟಿಸಿದವನು ಮುಂಬೈಯ ಘಾಟ್ಕೋಪರಿನ ಹೋಟೆಲಿನ ಕೌಂಟರಿನಲ್ಲಿದ್ದ. ಒಳಗೆ ಬದುಕಿದವರು ಹೆಂಡತಿ ವಿಜೇತಾ ಮತ್ತು ಮಕ್ಕಳಿಬ್ಬರು. ಯಾವ ಸ್ವಿಚ್ಚು ಯಾವುದಕ್ಕೆ ಎಂಬುದೇ ಅವನಿಗೆ ಇನ್ನೂ ಕೈಗೆ ಹತ್ತಿಲ್ಲ. ಫ್ಯಾನು ಹಾಕಲು ಹೋಗಿ ಹೊರಗಿನ ಬಲ್ಬು ಉರಿಸುತ್ತಾನೆ, ಎಂಟು ವರ್ಷದ ಹರ್ಷಾ ಕಿಸಕ್ಕನೆ ನಗುತ್ತಾಳೆ. ಈ ಸಲ ಬಂದಿಳಿದ ದಿನ ನಾಲ್ಕು ವರ್ಷದ ಮನೀಶ ತಾಯಿಯ ಹಿಂದೆ ಅಡಗಿ, "ಈ ಮಾಮ ಯಾಗ್ಳಿಕೆ ಹೋಪ್ದ್?" ಎಂದು ಅವನು ಹೊರಡುವ ದಿನ ಕೇಳಿದ್ದ. ಎಲ್ಲರೂ ನಕ್ಕರು, ಭೋಜರಾಜನೂ ನಕ್ಕ. ಕೌಂಟರಿನಲ್ಲಿ ನಿಂತವನಿಗೆ ನಗುವುದೇನು ಕಷ್ಟ. ಆ ಮೇಲೆ ಮಾಮ ಅನ್ನಬಾರದೆಂದು ವಿಜೇತಾ ಹೇಳಿಕೊಟ್ಟಿರಬೇಕು. ಹುಡುಗ ಈಗ ಏನೂ ಕರೆಯುವುದಿಲ್ಲ. ಏನಾದರೂ ಬೇಕಾದರೆ ಎದುರಿಗೆ ಬಂದು ಸುಮ್ಮನೆ ನಿಂತುಬಿಡುತ್ತಾನೆ.

ಅದಕ್ಕೇ ಈ ಪಾರ್ಕು. ಮಂಗಳೂರಿನ ಆಚೆ ಬದಿಯಲ್ಲಿ ನೀರಿನ ಜಾರುಬಂಡಿ, ತಲೆಯ ಮೇಲೆ ನೀರು ಸುರಿಯುವ ದೊಡ್ಡ ಬಾಲ್ದಿ, ಇನ್ನೂ ಏನೇನೋ ಇರುವ ಪಾರ್ಕು. ಮೂರು ರಜೆಗಳಿಂದ ಹೋಗುವ, ಹೋಗುವ ಎಂದು ಹೇಳಿ ಹೇಳಿಯೇ ಅವನು ಮುಂಬೈ ಗಾಡಿ ಹತ್ತಿದ್ದ. ಈ ಸಲ ಬರುವ ಭಾನುವಾರ ಎಂದು ಗಟ್ಟಿಯಾಗಿತ್ತು. ನಿನ್ನೆ ಹೋಟೆಲಿನ ಧಣಿಗಳ ಫೋನು ಬಂತು: ಇನ್ನೊಬ್ಬ ಕೌಂಟರಿನವ ಹೇಳದೆ ಕೇಳದೆ ಬಿಟ್ಟು ಹೋಗಿದ್ದಾನೆ, ರಜೆ ಸಾಕು, ನಾಳಿದ್ದು ಹೊರಡಲೇಬೇಕು. ಅಲ್ಲಿಗೆ ಪಾರ್ಕು ಒಂದೋ ನಾಳೆ, ಇಲ್ಲವೆಂದರೆ ಇಲ್ಲ. ಸಂಜೆ ಕುಂದಾಪುರದ ಪೇಟೆಯಿಡೀ ಓಡಾಟ. ಹತ್ತಿಯ ಬಟ್ಟೆಯಲ್ಲಿ ನೀರಿಗೆ ಬಿಡುವುದಿಲ್ಲವಂತೆ, ನೈಲಾನಿನದ್ದೇ ಆಗಬೇಕಂತೆ. ಮನೀಶನ ಅಳತೆಯದ್ದು ಒಂದು ಅಂಗಡಿಯಲ್ಲೂ ಇಲ್ಲ. "ಇಷ್ಟ್ ಗಡಿಬಿಡಿ ಮಾಡ್ಕಂಡ್ ಹೋಯ್ಕಾ? ಮುಂದಿನ ಸರ್ತಿ ಕಾಂಬ" ಎಂದಳು ವಿಜೇತಾ. ಅವಳು ಸುಸ್ತಾಗಿ ಹೇಳಿದ್ದಷ್ಟೇ. ಆದರೆ ಹರ್ಷಾ ತಲೆ ಎತ್ತದೆ, ಚಪ್ಪಲಿಯ ಪಟ್ಟಿ ಸರಿಮಾಡುತ್ತ, "ನಂಗೊತ್ತಿತ್" ಎಂದಳು. ಅಳಲಿಲ್ಲ, ಹಟ ಮಾಡಲಿಲ್ಲ. ನಂಗೊತ್ತಿತ್ತು ಎಂದಳು, ಅಷ್ಟೆ. ಭೋಜರಾಜನಿಗೆ ಪೇಟೆಯ ನಡುವೆ ಕೆನ್ನೆಗೆ ಹೊಡೆಸಿಕೊಂಡ ಹಾಗಾಯಿತು. ಭೂಮಿ ಮೇಲುಕೆಳಗಾದರೂ ಸರಿ, ನಾಳೆ ಹೋಗುವುದೇ ಎಂದು ಆಗಲೇ ನಿಶ್ಚಯ ಮಾಡಿ, ಮನೀಶನಿಗೆ ಒಂದಳತೆ ದೊಡ್ಡದನ್ನೇ ಕೊಂಡುಬಿಟ್ಟ.

ಈಗ ಹರ್ಷಾ ನಸುಕಿಗೇ ಎದ್ದು, ಹೊಸ ನೈಲಾನು ಹಾಕಿಕೊಂಡು, ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಮಲಗಿದ್ದಾಳೆ, ಬಿಟ್ಟು ಹೋದಾರು ಎಂಬ ಭಯಕ್ಕೆ. ಭೋಜರಾಜ ಮಕ್ಕಳಿಗೆ ದಾರಿಯಲ್ಲಿ ಹಾಡು ಬೇಕೆಂದು ತನ್ನ ಫೋನನ್ನು ಕಾರಿನ ಸ್ಪೀಕರಿಗೆ ಜೋಡಿಸಿದ್ದ. ಫೋನು ಬಂದದ್ದು ಆಗ. ಕಾರಿನೊಳಗಿಂದಲೇ ರಿಂಗಾಯಿತು. ಬಾಗಿ ಕೈ ಹಾಕಿ ಎತ್ತಿದರೆ, ಕಾರು ತುಂಬುವ ಹಾಗೆ ವಿಜೇತಳ ದೊಡ್ಡಮ್ಮನ ಮಗ ಗುಣಪಾಲನ ದನಿ.

"ಭಾವಾ, ಅಮ್ಮ ಹೋಯ್ತ್ ಭಾವಾ."

ಭೋಜರಾಜ ಗುಂಡಿ ಹುಡುಕಿದ. ಯಾವುದನ್ನು ಒತ್ತಿದರೂ ದನಿ ಕಡಿಮೆಯಾಗಲಿಲ್ಲ.

"ಬೆಳ್ಗಾತ ಚಾ ಕುಡುಕೆ ಎಬ್ಸುಕೆ ಹೋರೆ ಮೈಯೆಲ್ಲ ತಣ್ಣಗ್. ವಿಜೇತಂಗ್ ಫೋನ್ ಮಾಡ್ರೆ ತಾಗುದಿಲ್ಲ. ನೀವೇ ಮೆಲ್ಲ ಹೇಳಿ ಭಾವಾ, ಒಂದೇ ಸರ್ತಿ ಹೇಳ್ಬೇಡಿ. ತಮ್ಮ ಕೀರ್ತನ ಬೊಂಬಾಯಿಂದ ವಿಮಾನಕ್ಕ್ ಬತ್ತ. ಅವ ಬಂದ್ಮೇಲೆ ಸಂಜಿಗ್ ತೆಗುದ್. ವಿಜೇತಾ ಬಾರ್ದೆ ತೆಗುಕೆ ನಂಗೂ ಮನ್ಸ್ ಬತ್ತಿಲ್ಲ."

"ಆಯ್ತ್, ಆಯ್ತ್. ಬತ್ತೊ" ಎಂದ ಭೋಜರಾಜ. ಫೋನು ಇಟ್ಟ ಮೇಲೆ ಹಿಂದಿನ ಸೀಟಿನತ್ತ ನೋಡಿದ. ಹರ್ಷಾ ಕಣ್ಣು ಮುಚ್ಚಿಯೇ ಇದ್ದಳು, ಕೈಯನ್ನು ಕೆನ್ನೆಯಡಿ ಇಟ್ಟುಕೊಂಡು. ನಿದ್ದೆ ಎಂದುಕೊಂಡ. ನಿದ್ದೆಯೇ ಇರಬೇಕೆಂದು ಅವನಿಗೆ ಬೇಕಿತ್ತು.

ಹೋದದ್ದು ಕೊಕ್ಕರ್ಣೆಯ ಬೇಬಿ ದೊಡ್ಡಮ್ಮ. ವಿಜೇತಳ ತಾಯಿಯ ಅಕ್ಕ. ಹೆತ್ತವಳು ಚಿಕ್ಕಂದಿನಲ್ಲೇ ತೀರಿಕೊಂಡಾಗ ವಿಜೇತಳನ್ನು ಸೊಂಟಕ್ಕೆ ಏರಿಸಿಕೊಂಡು ಹೋಗಿ ಸಾಕಿದವರು, ಜಡೆ ಹೆಣೆದವರು, ಮದುವೆ ಮಾಡಿ ಕಳುಹಿಸಿದವರು. ಒಳಗೆ ಹೋಗಿ ಹೇಳಬೇಕು. ಬಾಗಿಲ ತನಕ ಹೋದ. ವಿಜೇತಾ ಅಡುಗೆಮನೆಯಲ್ಲಿ ಚಪಾತಿಯನ್ನು ಬಟ್ಟೆಯಲ್ಲಿ ಸುತ್ತುತ್ತ, ಮನೀಶನಿಗೆ ಬೈಯುತ್ತ, ನಡುನಡುವೆ ಏನೋ ಗುನುಗುತ್ತ ಇದ್ದಳು. ಗುನುಗುವ ವಿಜೇತಳನ್ನು ಅವನು ನೋಡಿ ಎಷ್ಟು ಕಾಲವಾಗಿತ್ತೋ. "ಹ್ವಾಯ್, ಕಾಣಿ" ಎಂದಳು, ಒಂದು ಬಾಟಲಿ ಎತ್ತಿ ತೋರಿಸಿ, "ಈ ಸರ್ತಿ ಮಿಡಿ ಉಪ್ಪಿನ್‌ಕಾಯಿ ಎಷ್ಟ್ ಲಾಯ್ಕಾಯ್ತ್! ಬೇಬಿ ದೊಡ್ಡಮ್ಮಂಗ್ ಒಂದ್ ಬಾಟ್ಲಿ. ತಿರ್ಗಿ ಬಪ್ಪತಿಗೆ ಕೊಟ್ಕಂಡ್ ಬಪ್ಪ." ಭೋಜರಾಜ ಬಾಯಿ ತೆರೆದ. ಬಾಯಿಂದ ಬಂದದ್ದು, "ಬೇಗ ಹೊರ್ಡಿ, ಹೊತ್ತಾಯ್ತ್" ಎಂಬ ಮಾತು. ಯಾರೋ ಬೇರೆಯವರು ಹೇಳಿದ ಹಾಗೆ ಅವನ ಕಿವಿಗೇ ಕೇಳಿಸಿತು.

ಸೂತಕ ಕಿವಿಗೆ ಬಿದ್ದ ಗಳಿಗೆಯಿಂದ. ಅದು ಎಲ್ಲರಿಗೂ ಗೊತ್ತಿದ್ದ ಲೆಕ್ಕ. ಸುದ್ದಿ ಕೇಳುವ ತನಕ ನೀನು ಉಂಡರೂ ದೋಷವಿಲ್ಲ, ಕುಣಿದರೂ ದೋಷವಿಲ್ಲ. ಕೇಳಿದ ಕೂಡಲೇ ತಲೆ ಮುಳುಗಿಸಿ ಮೀಯಬೇಕು, ಅಲ್ಲಿಂದ ಹಿಡಿಯಿತು. ಅದೂ ತಾಯಿಯ ಬಳಿ, ಅಂದರೆ ತಾಯಿಯ ಕಡೆಯ ಕುಲ, ಹಿಡಿದು ಬರುವಂಥದ್ದು. ಬೇಬಿ ದೊಡ್ಡಮ್ಮನ ಸೂತಕ ವಿಜೇತಳಿಗಿದೆ, ಅವಳ ಹೊಟ್ಟೆಯಲ್ಲಿ ಹುಟ್ಟಿದ ಹರ್ಷಾ, ಮನೀಶರಿಗಿದೆ. ಭೋಜರಾಜನ ಬಳಿ ಬೇರೆ, ಅವನಿಗಿಲ್ಲ. ಕೇಳಿದವನಿಗೆ ಸೂತಕವಿಲ್ಲ, ಸೂತಕವಿದ್ದವರು ಕೇಳಿಲ್ಲ. ಅಂದರೆ ಈ ಗಳಿಗೆಯಲ್ಲಿ ಈ ಮನೆಯಲ್ಲಿ ಸಾವೇ ಆಗಿಲ್ಲ! ಬಟ್ಟೆಯ ಚೀಲವನ್ನು ಡಿಕ್ಕಿಗೆ ಇಡುತ್ತ ಅವನು ಇದನ್ನು ಒಳಗೊಳಗೇ ಹೇಳಿಕೊಂಡ. ಸಂಜೆಗೆ ತಾನೇ ಸುಡಲು ತೆಗೆಯುವುದು? ಮಧ್ಯಾಹ್ನದ ತನಕ ಮಕ್ಕಳು ಆಡಲಿ. ಈಗಷ್ಟೇ ಫೋನು ಬಂತು ಎಂದು ಅಲ್ಲೇ ಹೇಳಿದರಾಯಿತು, ನೇರ ಕೊಕ್ಕರ್ಣೆಗೆ ಹೋದರಾಯಿತು, ಮುಖ ನೋಡಲು ಸಿಕ್ಕೇ ಸಿಗುತ್ತದೆ. ಯಾರಿಗೆ ಏನು ನಷ್ಟ? ಕೌಂಟರಿನಲ್ಲಿ ಅವನ ಕೆಲಸವೇ ಇದು. ಕಾವಲಿಗೆ ಹಿಟ್ಟೇ ಬಿದ್ದಿರುವುದಿಲ್ಲ, ಗಿರಾಕಿ ತಟ್ಟೆ ಬಡಿಯುತ್ತಾನೆ, ಇವನು ನಗುತ್ತ "ಬಂತ್ ಬಂತ್" ಅನ್ನುತ್ತಾನೆ. ಗಿರಾಕಿ ಸಮಾಧಾನವಾಗಿ ಕೂರುತ್ತಾನೆ. ಆ ಮೇಲೆ ದೋಸೆಯೂ ಬರುತ್ತದಲ್ಲ.

ಅವಳ ಫೋನು ಫ್ರಿಜ್ಜಿನ ಮೇಲೆ ಚಾರ್ಜು ಮುಗಿದು ಸತ್ತು ಬಿದ್ದಿತ್ತು. "ಕಾರಂಗ್ ಚಾರ್ಜಿಗ್ ಹಾಕ್ತೆ, ಕೊಡ್" ಎಂದು ತೆಗೆದುಕೊಂಡ. ಕಾರಿನ ಡ್ರಾಯರಿನೊಳಗೆ, ಚೆನ್ನಯ್ಯನ ಹಳೆಯ ಕಾಗದಗಳ ಅಡಿಗೆ ತುರುಕಿದ. ಹಿಂದಿನ ಸೀಟಿನಲ್ಲಿ ಹರ್ಷಾ ಎದ್ದು ಕೂತಿದ್ದಳು. ಅವನು ಡ್ರಾಯರು ಮುಚ್ಚುವುದನ್ನೇ ನೋಡುತ್ತಿದ್ದಳು. "ಎದ್ದ್ಯಾ ಮಗಾ?" ಎಂದ. ಅವಳು ಹೂಂ ಎಂದು ಕಿಟಕಿಯ ಕಡೆ ತಿರುಗಿದಳು.

ತಲ್ಲೂರು ದಾಟಿತು, ಕುಂದಾಪುರ ದಾಟಿತು. ಬಿಸಿಲು ಆಗಲೇ ರಸ್ತೆಯ ಮೇಲೆ ಕುಣಿಯುತ್ತಿತ್ತು. ಮನೀಶ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿಸಿದ. ಹಾಡಿನ ನಡುವೆ ಫೋನು ಬಂದರೆ ಅದೂ ಈ ಸ್ಪೀಕರಿನಲ್ಲೇ ಕೂಗುತ್ತದೆ ಎಂಬುದು ಭೋಜರಾಜನಿಗೆ ಕೋಟದ ಹತ್ತಿರ ಹೊಳೆಯಿತು. ಹಾಡು ಸಾಕೆಂದು ಕಿತ್ತು ಹಾಕಿದ. ಮನೀಶ ರಂಪ ಎಬ್ಬಿಸಿದ. "ಎಂತ ಆಯ್ತ್ ನಿಮ್ಗೆ? ಮಕ್ಳ್ ಖುಷಿಯಂಗ್ ಇದ್ದಿದ್ವಲೆ" ಎಂದಳು ವಿಜೇತಾ. ಏನಿಲ್ಲ, ತಲೆನೋವು ಎಂದ. ಅವಳು ಅವನ ಹಣೆ ಮುಟ್ಟಿ ನೋಡಿದಳು. ಆ ತಣ್ಣಗಿನ ಬೆರಳು ಹಣೆಗೆ ತಾಗಿದಾಗ ಅವನಿಗೆ ಇದ್ದಕ್ಕಿದ್ದಂತೆ ತನ್ನ ಅಮ್ಮನ ನೆನಪಾಯಿತು, ಅಮ್ಮ ತೀರಿಕೊಂಡ ಆ ವಾರದ ನೆನಪು. ಮನೆಯ ಜಗಲಿಯಲ್ಲಿ ಅವನು ಸೂತಕ ಹಿಡಿದು ಕೂತಿದ್ದ. ಅಮ್ಮನ ಬಳಿಯೇ ಅವನದ್ದೂ, ವಿಜೇತಳಿಗೂ ಮಕ್ಕಳಿಗೂ ಅದರ ಸಂಬಂಧವಿಲ್ಲ. ಐದನೇ ದಿನವೋ ಏನೋ, ವಿಜೇತಾ ಹೂ ಮುಡಿದು, ಮಕ್ಕಳಿಗೆ ಹೊಸ ಅಂಗಿ ತೊಡಿಸಿ ಬೇಬಿ ದೊಡ್ಡಮ್ಮನ ಮನೆಯ ತೊಟ್ಟಿಲು ಶಾಸ್ತ್ರಕ್ಕೆ ಹೊರಟಳು. ಅವನು ನೋಡಿದ್ದಕ್ಕೆ, "ನಮ್ಗಿಲ್ಲ ಅಲ್ದಾ?" ಎಂದಿದ್ದಳು. ಸರಿಯಾದ ಮಾತೇ. ಕೆಟ್ಟ ಮನಸ್ಸಿನಿಂದ ಹೇಳಿದ್ದೂ ಅಲ್ಲ. ಆದರೆ ತನ್ನ ತಾಯಿ ಸತ್ತರೆ ತನ್ನ ಮಕ್ಕಳಿಗೆ ಏನೂ ಆಗುವುದಿಲ್ಲ ಎಂಬುದನ್ನು ಅವನು ಆ ಜಗಲಿಯಲ್ಲಿ ಒಬ್ಬನೇ ಕೂತು ನುಂಗಿದ್ದ. ಈಗ ನಾನು ಸುಮ್ಮನಿರುವುದು ಅದಕ್ಕಾಗಿಯೋ? ಛೆ, ಎಂಥ ಯೋಚನೆ. ಮಕ್ಕಳಿಗಾಗಿ, ಮಕ್ಕಳಿಗಾಗಿ ಎಂದು ಅವನು ಗೇರು ಬದಲಾಯಿಸಿದ.

ಬ್ರಹ್ಮಾವರ ಹತ್ತಿರವಾಯಿತು. ಎಡಕ್ಕೆ ತಿರುಗಿದರೆ ಕೊಕ್ಕರ್ಣೆ. ಮದುವೆಯಾದ ಹೊಸತರಲ್ಲಿ ಆ ದಾರಿಯಲ್ಲಿ ಎಷ್ಟು ಸಲ ಹೋಗಿಲ್ಲ. ಬೇಬಿ ದೊಡ್ಡಮ್ಮ ಅವನ ಬಟ್ಟಲಿಗೆ ಕೋಳಿಸಾರು ಸುರಿಯುತ್ತ, "ತಿನ್ನಿ ಮಾರಾಯ್ರೆ, ಬೊಂಬಾಯಂಗ್ ನಿಮ್ಗ್ ಯಾರ್ ಬಡ್ಸ್ತ್ರ್" ಎನ್ನುವರು. ಹೋಟೆಲಿನವನಿಗೇ ಹೀಗೆ ಕೇಳಿದವರು ಅವರೊಬ್ಬರೇ. ಕಳೆದ ವರ್ಷ ಅವರ ಬಳಿಯಲ್ಲಿ ಯಾರೋ ಅಜ್ಜಿ ಹೋದಾಗ ಅವನೂ ಅಲ್ಲಿದ್ದ. ಬೇಬಿ ದೊಡ್ಡಮ್ಮ ಹರ್ಷಾಳನ್ನು ಮನೆಯ ಕೆಳಗಿನ ಕೆರೆಗೆ ಕರೆದುಕೊಂಡು ಹೋಗಿ, ಮೂಗು ಹಿಡಿದುಕೊಳ್ಳಲು ಹೇಳಿಕೊಟ್ಟು, ಮೂರು ಸಲ ಮುಳುಗಿಸಿದ್ದರು. "ಸುದ್ದಿ ಕೇಂಡ ಕೂಡ್ಲೆ ಮೀಯ್ಕ್ ಮಗಾ. ಮುಳುಗುವತಿಗ್ ಹೋದವ್ರನ್ನ ಒಂಚೂರ್ ನೆನ್ಸ್ಕ್, ಅಷ್ಟೇ. ಹೆದ್ರುಕಿಲ್ಲ." ಮಗು ಹಲ್ಲು ಕಟಕಟಿಸುತ್ತ ಮೇಲೆ ಬಂದದ್ದು, ತಾನು ದಂಡೆಯಲ್ಲಿ ಒಣ ಬಟ್ಟೆಯಲ್ಲಿ ನಿಂತು ನಕ್ಕದ್ದು ಅವನಿಗೆ ನೆನಪಿದೆ.

"ಹ್ವಾಯ್" ಎಂದಳು ವಿಜೇತಾ. "ಈಗ್ಳೇ ಒಂದ್ ಗಳ್ಗಿ ಕೊಕ್ಕರ್ಣೆಗ್ ಹೋಯಿ ಬಪ್ಪ. ಬಪ್ಪತಿಗ್ ಮಕ್ಳ್ ಸುಸ್ತಾಯಿ ಮಲ್ಕಂತೊ, ಕಡಿಗ್ ಆತಿಲ್ಲ."

"ಈಗ ಬ್ಯಾಡ."

"ಬಾಗ್ಲಂಗ್ ನಿಂತ್ ಮಾತಾಡ್ಸಿ ಬಪ್ಪುದ್. ನಿನ್ನೆ ರಾತ್ರಿಂದ ಯಾಕೋ ದೊಡ್ಡಮ್ಮಂದೇ ನೆನ್ಪ್ ಕಾಣಿ."

"ಬ್ಯಾಡ ಅಂದ್ರೆ ಬ್ಯಾಡ!" ಅವನು ಕಿರುಚಿದ್ದು ಅವನಿಗೇ ಗಾಬರಿಯಾಯಿತು. "ನಿಂಗ್ ಯಾಗ್ಳೂ ನಿನ್ ಮನೆಯವ್ರೇ. ಒಂದ್ ದಿನ, ಒಂದೇ ದಿನ ನನ್ ಮಕ್ಳ್ ಒಟ್ಟಿಗೆ ಇಪ್ಪುಕೆ ಬಿಡುಕಾತಿಲ್ಯಾ?"

ವಿಜೇತಳ ಕಣ್ಣು ತುಂಬಿದ್ದನ್ನು ಅವನು ನೋಡಲಿಲ್ಲ, ನೋಡದೆಯೇ ಗೊತ್ತಾಯಿತು. ಕನ್ನಡಿಯಲ್ಲಿ ಹರ್ಷಾ ಕಾಣಿಸಿದಳು. ಅವಳು ಎಡಗಡೆಯ ರಸ್ತೆಯನ್ನು, ಅದು ಹಿಂದೆ ಹೋಗಿ ಮರೆಯಾಗುವ ತನಕ, ಕತ್ತು ತಿರುಗಿಸಿ ನೋಡುತ್ತಿದ್ದಳು. ಈಗ ಹೇಳು, ಈಗಲಾದರೂ ಕಾರು ತಿರುಗಿಸು ಎಂದು ಮನಸ್ಸು ಒದರಿತು. ಹೇಳಿದರೆ ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎಂಬುದಕ್ಕೆ ಏನು ಉತ್ತರ? ಒಂದು ಗಳಿಗೆ ಸುಮ್ಮನಿದ್ದದ್ದಕ್ಕೆ ಇನ್ನೊಂದು ಗಳಿಗೆ ಸುಮ್ಮನಿರಬೇಕಾಯಿತು, ಹೀಗೇ ಉಡುಪಿ ಬಂತು, ಮಂಗಳೂರು ಬಂತು.

ಪಾರ್ಕಿನೊಳಗೆ ಹಾಡಿನ ಅಬ್ಬರಕ್ಕೆ ಎದೆಯೇ ಅದುರುತ್ತಿತ್ತು. ಮಕ್ಕಳ ಕೊಳದ ನಡುವೆ ಕಂಬದ ಮೇಲೆ ಕೆಂಪು ಬಾಲ್ದಿ. ಅದು ತುಂಬಿ ತುಂಬಿ ಮಗುಚಿದಾಗ ಕೆಳಗಿದ್ದವರೆಲ್ಲ ಹೋ ಎಂದು ಕಿರುಚುವರು. ವಿಜೇತಾ ಮುಖ ಗಂಟು ಹಾಕಿಕೊಂಡೇ ಮನೀಶನ ಕೈ ಹಿಡಿದು ಪಾದ ಮುಳುಗುವ ನೀರಿನಲ್ಲಿ ನಿಂತಳು. ನಿಂತವಳು ಮಗನ ಕೇಕೆಗೆ ಸ್ವಲ್ಪ ಹೊತ್ತಿಗೆ ನಕ್ಕೂ ನಕ್ಕಳು. ಮನೀಶ ಕಂಬಿಯ ಈಚೆ ನಿಂತ ಭೋಜರಾಜನ ಕಡೆಗೆ ನೀರು ಎರಚಿದ. ಇದಕ್ಕಾಗಿಯೇ ತಾನು ಬಂದದ್ದು, ಇಗೋ ಸಿಕ್ಕಿತು ಎಂದು ಅವನು ಅಂದುಕೊಳ್ಳಲು ನೋಡಿದ. ಅವನು ಬಟ್ಟೆ ಬದಲಿಸಿರಲಿಲ್ಲ. ಫೋಟೋ ತೆಗೆಯಲು ಯಾರಾದರೂ ಹೊರಗಿರಬೇಕಲ್ಲ ಎಂದು ನೆಪ ಹೇಳಿ, ಚೀಲಗಳನ್ನು ಹೆಗಲಿಗೆ ಹಾಕಿಕೊಂಡು, ಕೈಯಲ್ಲಿ ಫೋನು ಹಿಡಿದು ನಿಂತಿದ್ದ. ಹರ್ಷಾ ನೀರಿಗೆ ಇಳಿದಿರಲಿಲ್ಲ. ಎರಡು ದಿನದಿಂದ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಎತ್ತರ ಅಳೆದುಕೊಂಡು, ದೊಡ್ಡ ಜಾರುಬಂಡಿಗೆ ಬಿಡುತ್ತಾರೋ ಇಲ್ಲವೋ ಎಂದು ಕೇಳಿ ಕೇಳಿ ತಲೆ ತಿಂದಿದ್ದ ಹುಡುಗಿ, ಮೆಟ್ಟಿಲ ಮೇಲೆ ಮೊಣಕಾಲು ಕಟ್ಟಿಕೊಂಡು ಕೂತಿದ್ದಳು.

ಗುಣಪಾಲನ ಫೋನು ಬಂತು.

"ಭಾವಾ, ಎಲ್ಲ್ ಬಂದ್ರಿ? ಕೀರ್ತನಂಗ್ ವಿಮಾನ ತಪ್ತ್ ಭಾವಾ. ಅವ ನಾಳೆಯೇ ಬಪ್ಪುದ್, ಅಷ್ಟೊತ್ತ್ ತನ್ಕ ಈ ಸೆಕಿಗ್ ಇಡುಕಾತಿಲ್ಲ. ದೊಡ್ಡವ್ರೆಲ್ಲ ಈಗ್ಳೇ ತೆಗುವ ಅಂತ್ರ್. ನಾ ವಿಜೇತಾ ಬರ್ಲಿ ಅಂದೇಳಿ ತಡಿತಿದ್ದೆ. ಬ್ರಹ್ಮಾವರ ದಾಟಿದ್ರ್ಯಾ?"

"ಬಂತ್, ಬಂತ್" ಎಂದ ಭೋಜರಾಜ. "ಹತ್ರ ಇದ್ದೊ."

ಬಾಲ್ದಿ ಮಗುಚಿತು. ಮಕ್ಕಳೆಲ್ಲ ಹೋ ಎಂದವು.

"ಅದೆಂತ ಗಲಾಟಿ ಭಾವಾ? ಎಂತ ಪದ್ಯ ಅದ್?"

ಭೋಜರಾಜ ಮದುವೆ ದಿಬ್ಬಣ ಎನ್ನಲು ಹೊರಟ. ಹೇಳದೆ ಹಾಡಿಗೆ ಬೆನ್ನು ತಿರುಗಿಸಿದ. ಆ ಕಡೆಯಲ್ಲಿ ಗುಣಪಾಲ ಕೇಳಿಸಿಕೊಳ್ಳುತ್ತ ನಿಂತಿದ್ದ. ಅವನ ಹಿಂದೆ ಹೆಂಗಸರ ಅಳು. ಆ ಅಳು ಮತ್ತು ಈ ಹಾಡು ಒಂದೇ ಫೋನಿನಲ್ಲಿ ಸೇರಿಕೊಂಡವು. ಗುಣಪಾಲ, "ಆಯ್ತ್ ಭಾವಾ" ಎಂದ, ತುಂಬ ಮೆಲ್ಲಗೆ. "ನಾವ್ ತೆಗಿತೊ." ಫೋನು ಇಟ್ಟ.

ಹೇಳಿಬಿಡುತ್ತೇನೆ, ಕಾಲು ಹಿಡಿದು ಹೇಳುತ್ತೇನೆ ಎಂದು ಭೋಜರಾಜ ಕಂಬಿಯ ಹತ್ತಿರ ಬಂದ. ಅಷ್ಟರಲ್ಲಿ ಹರ್ಷಾ ಮೆಟ್ಟಿಲಿಂದ ಎದ್ದಳು. ಕಿರುಚಾಡುವ ಮಕ್ಕಳ ನಡುವೆ ಯಾರನ್ನೂ ತಾಗದ ಹಾಗೆ ನಡೆದು ಹೋಗಿ, ನೀರು ಎದೆಮಟ್ಟ ಇದ್ದಲ್ಲಿ ನಿಂತಳು. ಬಲಗೈಯಲ್ಲಿ ಮೂಗು ಹಿಡಿದಳು. ಮುಳುಗಿದಳು. ಎದ್ದಳು, ಕಣ್ಣು ಒರೆಸಿಕೊಳ್ಳಲಿಲ್ಲ, ಮತ್ತೆ ಮುಳುಗಿದಳು. ಅದು ಆಟವಲ್ಲ ಎಂಬುದು ವಿಜೇತಳಿಗೆ ಎರಡನೆಯ ಮುಳುಗಿಗೇ ತಿಳಿದಿರಬೇಕು. ಮೂರನೆಯದಕ್ಕೆ ಮಗಳು ಮೇಲೆ ಬರುವ ಹೊತ್ತಿಗೆ ಅವಳು ಮನೀಶನನ್ನು ಎಳೆದುಕೊಂಡು ಅಲ್ಲಿಗೆ ತಲುಪಿದ್ದಳು.

"ಎಂತ ಮಾಡ್ತಿದ್ದೆ ಮಗಾ?"

"ಮೀತಿದ್ದೆ." ಹರ್ಷಾಳ ಹಲ್ಲು ಕಟಕಟಿಸುತ್ತಿತ್ತು. "ಬೆಳಿಗ್ಗೆಯೇ ಮೀಯ್ಕಿತ್ತ್. ನಾ ಮಿಂದಿರೆ ನಿಂಗ್ ಗೊತ್ತಾತಿತ್ತ್, ಮತ್ ನಾವ್ ಬತ್ತಿರ್ಲಿಲ್ಲ. ಅಪ್ಪ ನಾಳೆ ಹೋತ್ರಲೆ. ಬೇಬಿ ಅಜ್ಜಿ ಹೋಯ್ತಂಬ್ರ್ ಅಮ್ಮ, ಕಾರಂಗ್ ಗುಣಪಾಲ ಮಾಮ ಹೇಳ್ರ್." ಆ ಮೇಲೆ ಅವಳಿಗೆ ಅಳು ಬಂತು, ಬೆಳಗ್ಗಿನಿಂದ ಹಿಡಿದಿಟ್ಟ ಅಳು.

ವಿಜೇತಾ ಕಂಬಿಯ ಕಡೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. "ಯಾಗ್ಳಿಕೆ ತೆಗುದಂಬ್ರ್?" ಎಂದು ಕೇಳಿದಳು, ಹಾಡಿನ ಮೇಲೆ ಕೇಳುವಷ್ಟು ಗಟ್ಟಿಯಾಗಿ.

"ಈಗ" ಎಂದ ಭೋಜರಾಜ.

ಇಲ್ಲಿಂದ ಕೊಕ್ಕರ್ಣೆ ಎಷ್ಟು ದೂರ ಎಂದು ಅವಳಿಗೂ ಗೊತ್ತಿತ್ತು. ಚೂಡಿದಾರದ ಶಾಲನ್ನು ಸೊಂಟಕ್ಕೆ ಕಟ್ಟಿದಳು, ಜಡೆ ಬಿಚ್ಚಿದಳು, ಆ ಹಾಡಿನ ನಡುವೆ, ಆ ನೀಲಿ ಬಣ್ಣದ ನೀರಿನೊಳಗೆ ಮುಳುಗಿದಳು. ಎಷ್ಟೋ ಹೊತ್ತು ಏಳಲಿಲ್ಲ ಅನ್ನಿಸಿತು ಅವನಿಗೆ. ಎದ್ದವಳು ಮನೀಶನ ಮೂಗು ಹಿಡಿದು ಅವನನ್ನೂ ಮುಳುಗಿಸಿದಳು. ಹುಡುಗನಿಗೆ ಇದು ಹೊಸ ಆಟ. ಕೇಕೆ ಹಾಕುತ್ತ ಮೇಲೆ ಬಂದು, ಕಂಬಿಯ ಕಡೆ ತಿರುಗಿ, ಒದ್ದೆ ಕೈ ಚಾಚಿ, "ಅಪ್ಪಾ, ನೀನೂ ಬಾ! ಅಪ್ಪಾ!" ಎಂದು ಕೂಗಿದ. ಅವನು ಹಾಗೆ ಕೂಗಿದ್ದು ಅದೇ ಮೊದಲು.

"ಅವ್ರಿಗಿಲ್ಲ ಮಗಾ" ಎಂದಳು ವಿಜೇತಾ, ಅವನ ತಲೆಯ ನೀರು ಹಿಂಡುತ್ತ. "ಇದ್ ನಮ್ಗ್ ಮಾತ್ರ."

ಭೋಜರಾಜ ಕಂಬಿಯ ಈಚೆ, ಹೆಗಲ ಮೇಲೆ ಚೀಲ ಹಾಕಿಕೊಂಡು, ಒಣ ಬಟ್ಟೆಯಲ್ಲಿ ನಿಂತಿದ್ದ.